ಕಡಲ್ಗಳ್ಳರ ಕಥೆ ಕನ್ನಡದಲ್ಲೂ ಸಿಗಲಿ

ಮಾನ್ಯರೇ,

ಟಿವಿ ಕಾರ್ಟೂನ್‌ಗಳಲ್ಲಿ ಇಣುಕುವ ಹಳೆಯ ಸಾಹಸ ಕಾದಂಬರಿಗಳು ನಮ್ಮ ಕಡೆಯ ಮಕ್ಕಳಿಗೆ ಕನ್ನಡದಲ್ಲಿ ಸುಲಭವಾಗಿ ಸಿಗುತ್ತಿಲ್ಲ. ಕಡಲ್ಗಳ್ಳನ ಹೆಗಲ ಮೇಲಿನ ಗಿಳಿ, ಕೆಂಪು ಗುರುತು ಹಾಕಿದ ನಿಧಿ ನಕ್ಷೆ ಇವೆಲ್ಲ ಜನಪ್ರಿಯವಾಗಿದ್ದು 1883ರಲ್ಲಿ ಪುಸ್ತಕವಾಗಿ ಬಂದ ಲೇಖಕ ಸ್ಟೀವನ್ಸನ್ನರ ‘ಟ್ರೆಷರ್ ಐಲೆಂಡ್’ ಕಾದಂಬರಿಯಿಂದ. ಕಾರ್ಟೂನಿನ ಕಡಲ್ಗಳ್ಳನಿಗೆ ಮರದ ಕಾಲು. ಕಾದಂಬರಿಯ ಒಂಟಿಕಾಲಿನ ಕಡಲ್ಗಳ್ಳ ಸಿಲ್ವರ್ ಮಾತ್ರ ಊರುಗೋಲು ಹಿಡಿದೇ ಓಡಾಡುತ್ತಾನೆ! ಇದನ್ನು ಹೇಳಿದ ತಕ್ಷಣ ನನ್ನ ಮೊಮ್ಮಗ ಟಿವಿ ಬಿಟ್ಟು ಪುಸ್ತಕ ಕೇಳಿದ. ಹತ್ತಿರದ ಗ್ರಂಥಾಲಯಕ್ಕೆ ಹೋದರೆ ಪರೀಕ್ಷೆಯ ಗೈಡ್‌ಗಳೇ ಜಾಸ್ತಿ. ಕುತೂಹಲ ಹುಟ್ಟಿದಾಗಲೇ ಪುಸ್ತಕ ಕೈಗೆ ಬರಬೇಕು, ಅಲ್ವಾ?

ಚಿಕ್ಕಬಳ್ಳಾಪುರ ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂಥ ಕಾದಂಬರಿಗಳ ಸರಳ ಕನ್ನಡ ರೂಪಗಳನ್ನು ತರಿಸಿಡಲಿ. ಶನಿವಾರ ಒಂದು ಗಂಟೆ ಯಾರಾದರೂ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲಿ.

ಓದುಗ, ಚಿಂತಾಮಣಿ ತಾಲ್ಲೂಕು