ಹೆಸರು ಗೊತ್ತಿಲ್ಲದ ಸಲಿಕೆಯವರಿಗೆ

ಟೊರಾಂಟೊದ ಈ ಬಸ್ ಸ್ಟಾಪಿನಲ್ಲಿ ಬೆಳಕು ಹರಿಯುವ ಮೊದಲೇ ಹಿಮ ತೆಗೆದವರು ಯಾರೋ, ನಿಮಗೆ ದೊಡ್ಡ ನಮಸ್ಕಾರ. ಹಿಮ ತಳ್ಳುವ ಗಾಡಿ ರಸ್ತೆಯದ್ದನ್ನೆಲ್ಲ ಅಂಚಿಗೆ ಒತ್ತಿ ಗೋಡೆ ಕಟ್ಟಿಬಿಡುತ್ತದೆ. ನಾಲ್ಕು ಜನ ತುಳಿದರೆ ಅದು ಕಲ್ಲು, ಸಲಿಕೆಗೂ ಬಗ್ಗದು. ತುಳಿಯುವ ಮುಂಚೆಯೇ ಕೈಹಾಕಿದಿರಿ. ಬಸ್ಸಿನ ಹಿಂಬಾಗಿಲಿಗೂ ದಾರಿ ಬಿಡಿಸಿದಿರಿ. ಮುಂಬಾಗಿಲ ಬಳಿಯಂತೂ 1 ಮೀಟರಿಗಿಂತ ಅಗಲ: ವೀಲ್‌ಚೇರ್ ರ‍್ಯಾಂಪ್ ಸಪಾಟಾಗಿ ಕೂರಲು ಅಷ್ಟು ಬೇಕೇ ಬೇಕು. ಮೈನಸ್ 15ರ ಚಳಿಯಲ್ಲಿ ಬರೀ ಕಲ್ಲುಪ್ಪು ಹೆಚ್ಚೇನೂ ಕರಗಿಸದು, ಅದಕ್ಕೇ ಕಾಲು ಜಾರದಂತೆ ಮರಳನ್ನೂ ಚೆಲ್ಲಿದ್ದೀರಿ.

ಎಲ್ಲಕ್ಕಿಂತ ಜಾಣತನ, ಚರಂಡಿಯ ಜಾಲರಿ ಬಿಡಿಸಿದ್ದು. ಇಲ್ಲದಿದ್ದರೆ ಬಿಸಿಲೇರಿದ ದಿನ ಕರಗಿದ ನೀರು ಅಲ್ಲೇ ನಿಂತು, ರಾತ್ರಿ ಕಣ್ಣಿಗೆ ಕಾಣದ ಗಾಜಾಗುತ್ತದೆ. (ಎಷ್ಟು ದುಬಾರಿ ಬೂಟಾದರೂ ಅದರ ಮೇಲೆ ಜಾರುತ್ತದೆ.) ನಿಮ್ಮ ಹಳದಿ ಸಲಿಕೆ ಕಂಬಕ್ಕೆ ಒರಗಿಕೊಂಡೇ ಇದೆ, ತಗೊಂಡು ಹೋಗಿ.