ಬಾರ್ ರೂಮಿನ ನನ್ನವರಿಗೆ

ಮೊನ್ನೆ ಶನಿವಾರ ಜಿಲ್ಲಾ ವಕೀಲರ ಸಂಘದ ಅಧ್ಯಕ್ಷತೆಯನ್ನು ಹೊಸ ತಂಡಕ್ಕೆ ಒಪ್ಪಿಸಿದೆ. ಬೀಗದ ಕೈ, ಠರಾವು ಪುಸ್ತಕ, ಪಾಸ್‌ಬುಕ್ ಕೊಟ್ಟು ಎದ್ದಾಗ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1994ರಲ್ಲಿ ವಕೀಲಿಕೆಯ ಸನ್ನದು ಪಡೆದು ತಾಲೂಕು ಕೋರ್ಟಿಗೆ ಬಂದಾಗ ಅಲ್ಲಿ ನಾವು ಇಬ್ಬರೇ ಹೆಣ್ಣುಮಕ್ಕಳು. ಬಾರ್ ರೂಮಿನಲ್ಲಿ ಎಲ್ಲಿ ಕೂರಬೇಕು ಅಂತ ತಿಳಿಯದೆ ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಸೀನಿಯರ್ ಪಕ್ಕದ ಕುರ್ಚಿ ಎಳೆದು, "ಬಾ ತಂಗಿ, ಇಲ್ಲೆ ಕೂಡು" ಅಂದರು. ದಾವೆ ಬರೆಯುವುದನ್ನು ಕಲಿಸಿದ್ದು ಅವರು. ಕೋರ್ಟು ನಡೆಯುವ ಬಗೆಯನ್ನು ಕಲಿಸಿದ್ದು ಅವರ ಗುಮಾಸ್ತ ಕಾಕಾ. ಯಾವುದಕ್ಕೆ ಎಷ್ಟು ಕೋರ್ಟ್ ಫೀ, ವಕಾಲತ್ತಿನ ಮೇಲೆ ವಕೀಲರ ಕಲ್ಯಾಣ ನಿಧಿ ಸ್ಟಾಂಪ್ ಎಲ್ಲಿ, ನಕಲು ಅರ್ಜಿ ಯಾರ ಟೇಬಲ್ಲಿಗೆ, ಎಲ್ಲ ಅವರೇ ಹೇಳಿಕೊಟ್ಟರು. ಕಾಕಾ ಈಗಿಲ್ಲ. ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಉತ್ತರ ಕರ್ನಾಟಕಕ್ಕೂ ಒಂದು ಹೈಕೋರ್ಟ್ ಪೀಠ ಬೇಕು ಅಂತ ಹೋರಾಡಿದ ದಿನಗಳ ಋಣ ಇನ್ನೂ ದೊಡ್ಡದು. ಆಗ ನಮ್ಮ ಕಡೆಯ ರೈತ ಒಂದು ಅಪೀಲಿಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಕೇಸು ಮುಂದಕ್ಕೆ ಹೋದರೆ ಮತ್ತೆ ಅದೇ ದಾರಿ, ಅದೇ ಸಾಲ. ನಾವು ಕಲಾಪ ಬಿಟ್ಟು ಧರಣಿ ಕೂತೆವು. ಕೋರ್ಟಿಗೆ ಹೋಗದ ದಿನ ಜೂನಿಯರ್‌ಗಳ ಕೈಯಲ್ಲಿ ಬಸ್ಸಿನ ದುಡ್ಡೂ ಇರುತ್ತಿರಲಿಲ್ಲ. ಆದರೂ ಬಂದು ಕೂರುತ್ತಿದ್ದರು. ಟೈಪಿಸ್ಟ್ ಅಕ್ಕ ನಮ್ಮ ಮನವಿಗಳನ್ನೆಲ್ಲ ಸುಮ್ನೆ ಟೈಪ್ ಮಾಡಿಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಷ್ಟಪಟ್ಟವರು ನಮ್ಮ ಕಕ್ಷಿದಾರರು. ವಾಯಿದೆ ಮೇಲೆ ವಾಯಿದೆ ಬಿದ್ದರೂ ನಮ್ಮ ಕೈಬಿಡಲಿಲ್ಲ. ಅವರಿಗೆ ಕೃತಜ್ಞತೆಯ ಜೊತೆಗೆ ಕ್ಷಮೆಯನ್ನೂ ಕೇಳುತ್ತೇನೆ.

2008ರ ಜುಲೈನಲ್ಲಿ ಧಾರವಾಡ, ಗುಲ್ಬರ್ಗದಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು. 2013ರಲ್ಲಿ ಎರಡೂ ಕಾಯಂ ಆದವು. ಧಾರವಾಡಕ್ಕೆ ಮೊದಲ ಸಲ ಹೋಗಿಬಂದ ಒಬ್ಬ ಅಜ್ಜ ಮರುದಿನ ನನ್ನ ಆಫೀಸಿಗೆ ಬಂದು, "ಅಕ್ಕಾರ, ಸಂಜಿಕ್ಕ ಮನ್ಯಾಗ ಉಂಡೆನ್ರಿ" ಅಂದರು. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ಸಿಕ್ಕಿಲ್ಲ.

ಕೊರೊನಾ ಕಾಲದಲ್ಲಿ ಕೋರ್ಟು ಮುಚ್ಚಿದಾಗ ಹೆಸರು ಹೇಳದೆ ಜೂನಿಯರ್‌ಗಳ ಮನೆಗೆ ರೇಷನ್ ಕಳಿಸಿದ ಹಿರಿಯರು ನನಗೆ ಗೊತ್ತು. ಅವರ ಮಾತಿನಂತೆ ಈಗಲೂ ಹೆಸರು ಹೇಳುವುದಿಲ್ಲ.

ನಾನು ಮೊದಲು ತಾಲೂಕು ಸಂಘದ ಚುನಾವಣೆಗೆ ನಿಂತಾಗ "ಹೆಣ್ಣುಮಗಳು ಸಂಘ ನಡೆಸ್ತಾಳಾ" ಅಂದವರಿದ್ದರು. ಓಟು ಹಾಕಿದವರು ಅವರಿಗಿಂತ ಜಾಸ್ತಿ ಇದ್ದರು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಗೆ ಮೀಸಲಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಸುದ್ದಿ ಓದುವಾಗ ನನಗೆ ನೆನಪಾದವರು ಅವತ್ತು ಓಟು ಹಾಕಿದ ಆ ಗೆಳೆಯರೇ. ಯಾವ ಆದೇಶವೂ ಇಲ್ಲದೆ ನನ್ನನ್ನು ನಂಬಿದಿರಿ.

ತಡರಾತ್ರಿಯ ಮೀಟಿಂಗ್‌ಗಳನ್ನು ಸಹಿಸಿದ ಯಜಮಾನರಿಗೆ, ನನ್ನ ಮಕ್ಕಳನ್ನು ಬೆಳೆಸಿದ ಅತ್ತೆಗೆ ಏನು ಹೇಳಿದರೂ ಕಡಿಮೆಯೇ.

ಹೊಸ ತಂಡದವರೇ, ಮಹಿಳಾ ವಕೀಲರ ಕೋಣೆಗೆ ನೀರಿನ ಪೈಪು ಇನ್ನೂ ಬಂದಿಲ್ಲ. ಆ ಫೈಲು ಕಪಾಟಿನ ಮೇಲಿನ ಖಾನೆಯಲ್ಲಿದೆ. ಓಡಾಡಲು ಜನ ಬೇಕಾದರೆ ಕರೆಯಿರಿ, ಬರುತ್ತೇನೆ.