ಅಟ್ಟಕ್ಕೆ ಹೋದ ಜೆರ್ಸಿ

ತಿಪಟೂರು
17 ಆಗಸ್ಟ್ 2025

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಕೇಳಿಕೊಳ್ಳುತ್ತಾಳೆ, ಅದನ್ನು ಬಿಟ್ಟೆ. ನಿನ್ನ ಕಾಗದ ಗುರುವಾರ ಬಂತು. ಒಂಬತ್ತು ಪುಟ! ಅದರಲ್ಲಿ ಎಂಟು ಪುಟ ನಿನ್ನ ಫುಟ್‌ಬಾಲ್ ಟೀಮು ಬೆಂಗಳೂರು ಎಫ್.ಸಿ.ಗೆ ಯಾರು ಬೇಕು, ಯಾರು ಬೇಡ, ಕೋಚು ಎಲ್ಲಿ ಎಡವಿದ ಅನ್ನುವುದೇ. ಓದುತ್ತಾ ನಕ್ಕೆ, ಎರಡು ಕಡೆ ಬೈದೆ, ನಿಮ್ಮತ್ತೆಗೂ ಓದಿ ಹೇಳಿದೆ. ಆದರೆ ಕೊನೆಯ ಪುಟದ ಅಂಚಿನಲ್ಲಿ ಅಡ್ಡಡ್ಡಲಾಗಿ ಒಂದು ಸಾಲು ಗೀಚಿದ್ದೀಯಲ್ಲ, ಅದನ್ನು ಮಾತ್ರ ಅವಳಿಗೆ ಓದಿ ಹೇಳಲಿಲ್ಲ. “ಮಾಮ, ಇದು ಆಫ್ ಸೀಸನ್ ಅಲ್ಲ, ಟೀಮೇ ಹೋಗ್ತಿದೆ ಅನ್ಸತ್ತೆ. ಜೆರ್ಸಿ ಮಡಿಸಿ ಅಟ್ಟಕ್ಕೆ ಹಾಕಿದೀನಿ.”

ಮೂರು ರಾತ್ರಿಯಿಂದ ಆ ಸಾಲು ಬಿಟ್ಟಿಲ್ಲ. ಅದಕ್ಕೇ ಈ ಕಾಗದ.

ಮೊದಲು ಎಂಟು ಪುಟಕ್ಕೆ ಬೇಗ ಉತ್ತರ ಕೊಟ್ಟುಬಿಡುತ್ತೇನೆ. ಸುನಿಲ್ ಛೆಟ್ರಿ ಜಾಗಕ್ಕೆ ಯಾರು ಅಂತ ಕೇಳಿದ್ದೀಯ. ಯಾರೂ ಇಲ್ಲ. ನಲವತ್ತು ವರ್ಷದವನು ಒಂದು ಸೀಸನ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲೆಲ್ಲ ಮೊದಲು ನಿಂತ ಅಂದರೆ ಅವನಿಗೆ ಕೈ ಮುಗಿಯಬೇಕು, ಉಳಿದವರಿಗೆ ಕಪಾಳಕ್ಕೆ ಹೊಡೆಯಬೇಕು. 2024ರ ಜೂನ್‌ನಲ್ಲಿ ದೇಶದ ಟೀಮಿಗೆ ವಿದಾಯ ಹೇಳಿದವನನ್ನು ಮುಂದಿನ ಮಾರ್ಚ್‌ನಲ್ಲಿ ವಾಪಸ್ಸು ಕರೆಸಿಕೊಂಡರಲ್ಲ, ರೋಗ ಎಲ್ಲಿದೆ ಅನ್ನುವುದಕ್ಕೆ ಅಷ್ಟು ಸಾಕು. ನಮ್ಮ ಹಳೆಯ ವಿಂಗರ್ ಆಶಿಕ್ ಟೀಮಿಗೆ ಮರಳಿ ಬಂದದ್ದು ಒಳ್ಳೆಯದೇ, ಮಂಡಿ ಗಟ್ಟಿಯಿದ್ದರೆ. ಕೋಚು ಸರಾಗೋಸಾ ಬಗ್ಗೆ ನೀನು ಬರೆದದ್ದು ಅನ್ಯಾಯ ಕಣಪ್ಪ. ಹಿಂದಿನ ವರ್ಷ ಹತ್ತನೇ ಜಾಗದಲ್ಲಿದ್ದ ಟೀಮನ್ನು ಫೈನಲ್‌ವರೆಗೆ ಕರೆದುಕೊಂಡು ಹೋದವನು. ಮುಂಬೈಗೆ ಐದು ಗೋಲು ಹಾಕಿದ ರಾತ್ರಿ ನೀನೇ ಫೋನು ಮಾಡಿ ಕೂಗಾಡಿದ್ದು ಮರೆತೆಯಾ? ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕಿನಲ್ಲಿ ಆ ಫೈನಲ್‌ನಲ್ಲಿ ಒಂದು ಗೋಲು ಮುಂದಿದ್ದು, ಪೆನಾಲ್ಟಿಗೆ ಸಮ ಆಗಿ, ಎಕ್ಸ್‌ಟ್ರಾ ಟೈಮಿನಲ್ಲಿ ಸೋತದ್ದಕ್ಕೆ ಕೋಚನ್ನು ಗಲ್ಲಿಗೇರಿಸುತ್ತಾರೆಯೇ.

ಸರಿ, ಆ ಮಾತು ಮುಗಿಯಿತು. ಇನ್ನು ಅಂಚಿನ ಸಾಲು.

ಜುಲೈ 11ಕ್ಕೆ ಇಂಡಿಯನ್ ಸೂಪರ್ ಲೀಗ್ ನಡೆಸುವವರು ಸೀಸನ್ನನ್ನು ‘ತಡೆಹಿಡಿದಿದ್ದೇವೆ’ ಅಂದರಲ್ಲ, ಅವತ್ತು ಪೇಪರು ನೋಡಿ ನನಗೆ ಏನೂ ಅನ್ನಿಸಲಿಲ್ಲ. 2010ರಲ್ಲಿ ದೇಶದ ಫುಟ್‌ಬಾಲ್ ಫೆಡರೇಷನ್‌ನ ಜೊತೆ ಮಾಡಿಕೊಂಡ ಹದಿನೈದು ವರ್ಷದ ಒಪ್ಪಂದ ಈ ಡಿಸೆಂಬರ್ 8ಕ್ಕೆ ಮುಗಿಯುತ್ತದೆ, ಫೆಡರೇಷನ್‌ನ ನಿಯಮಾವಳಿ ಸುಪ್ರೀಂ ಕೋರ್ಟಿನಲ್ಲಿ ಕೂತಿದೆ, ವರ್ಷಕ್ಕೆ 50 ಕೋಟಿ ಕೊಡುವವನು ಮುಂದೇನು ಅಂತ ಗೊತ್ತಿಲ್ಲದೆ ಕೈ ಯಾಕೆ ಹಾಕುತ್ತಾನೆ. ಜಮೀನು ಗುತ್ತಿಗೆಗೆ ಹಾಕಿದವರಿಗೆಲ್ಲ ಗೊತ್ತಿರುವ ಲೆಕ್ಕ ಇದು. ಗುತ್ತಿಗೆ ಮುಗಿಯುವ ವರ್ಷ ಯಾರೂ ಗೊಬ್ಬರ ಹಾಕುವುದಿಲ್ಲ. ಆಗಸ್ಟ್ 3ಕ್ಕೆ ಛೆಟ್ರಿಗೆ ನಲವತ್ತೊಂದು ತುಂಬಿತು. ಮಾರನೇ ದಿನ ಸೋಮವಾರ ಕ್ಲಬ್ಬಿನವರು ಆಟಗಾರರ, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ ಅಂದರು. ಅವರ ಹಿಂದೆಯೇ ಒಡಿಶಾದವರು, ಚೆನ್ನೈಯವರು. ಅದಕ್ಕೂ ತಡೆದುಕೊಂಡೆ. ನಿನ್ನ ಅಟ್ಟದ ಮಾತು ಓದಿದ ಮೇಲೆಯೇ ‘ತಡೆಹಿಡಿದಿದೆ’ ಅನ್ನುವ ಪದ ನನ್ನ ಕಿವಿಯಲ್ಲಿ ಹೊಡೆದುಕೊಳ್ಳತೊಡಗಿದ್ದು.

ಯಾಕೆಂದರೆ ಆ ಪದ ನನಗೆ ಹಳೆಯದು.

ನಾನು ಫ್ಯಾಕ್ಟರಿ ಟೀಮಿನಲ್ಲಿ ಲೆಫ್ಟ್ ಹಾಫ್ ಆಡುತ್ತಿದ್ದದ್ದು, ಆಟದಿಂದಲೇ ಕೆಲಸ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಎರಡು ಗಂಟೆಗೆ ಪಂಚ್ ಮಾಡಿ ಹೊರಬಂದರೆ ಮೂರಕ್ಕೆ ಪ್ರಾಕ್ಟೀಸು. ನಿಮಗೆ ಯಾರಿಗೂ ಹೇಳದೆ ಉಳಿಸಿಕೊಂಡದ್ದು ಟೀಮು ನಿಂತ ವಾರದ ಕತೆ. 1996. ದೇಶಕ್ಕೆ ಮೊದಲ ನ್ಯಾಷನಲ್ ಲೀಗ್ ಬಂದ ವರ್ಷವೇ ನಮ್ಮ ಕ್ಯಾಂಟೀನಿನ ಪಕ್ಕದ ಬೋರ್ಡಿನ ಮೇಲೆ ಒಂದು ಸರ್ಕ್ಯುಲರ್ ಬಂತು. ಖರ್ಚಿನ ಮರುಪರಿಶೀಲನೆ ಆಗುವವರೆಗೆ ಫುಟ್‌ಬಾಲ್ ತಂಡದ ಚಟುವಟಿಕೆಗಳನ್ನು ತಡೆಹಿಡಿಯಲಾಗಿದೆ, ಅಷ್ಟೇ. ಮುಚ್ಚಿದ್ದೇವೆ ಅಂತ ಆಮೇಲೆ ಯಾರೂ ಬರೆಯಲೇ ಇಲ್ಲ. ಬರೆದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು. ಲೆಕ್ಕಕ್ಕೆ ಹಿಡಿದರೆ ಇವತ್ತಿಗೂ ನಮ್ಮದು ತಡೆಹಿಡಿದ ಟೀಮೇ. ಗೋಲ್ ಪೋಸ್ಟ್ ಇದ್ದ ಜಾಗದಲ್ಲಿ ಸ್ಕೂಟರ್ ಸ್ಟ್ಯಾಂಡ್ ಬಂದು ಎಷ್ಟು ವರ್ಷವಾಯಿತೋ.

ನಮ್ಮಂಥವರಿಗೆ ಏನೂ ಆಗಲಿಲ್ಲ. ಪರ್ಮನೆಂಟು. ಎರಡು ಗಂಟೆಯ ಬದಲು ಐದರವರೆಗೆ ಶಾಪಿನಲ್ಲಿ ನಿಂತೆವು, ಅಷ್ಟೇ ವ್ಯತ್ಯಾಸ. ನಾಲ್ಕು ಹುಡುಗರಿದ್ದರು, ಸ್ಟೈಪೆಂಡಿನವರು. ಇಬ್ಬರು ಗೌತಮಪುರದವರು, ಇಬ್ಬರು ಆಸ್ಟಿನ್ ಟೌನಿನವರು. ಮುಂದಿನ ವರ್ಷ ಕೆಲಸ ಆಗುತ್ತದೆ ಅನ್ನುವ ಮಾತಿನ ಮೇಲೆ ಆಡುತ್ತಿದ್ದವರು. ಅವರು ಒಂದು ಮನವಿ ಪತ್ರ ಬರೆಸಿಕೊಂಡು ಕ್ವಾರ್ಟರ್ಸಿಗೆ ಬಂದರು. ಸೀನಿಯರ್ ಒಬ್ಬರ ಸಹಿ ಇದ್ದರೆ ಸಾಹೇಬರು ಓದುತ್ತಾರೆ ಅಂತ ಅವರ ಆಸೆ. ನನಗೆ ಒಂಬತ್ತು ದಿನದಲ್ಲಿ ಚಾರ್ಜ್‌ಹ್ಯಾಂಡ್ ಹುದ್ದೆಯ ಇಂಟರ್‌ವ್ಯೂ ಇತ್ತು. “ಮುಂದಿನ ವಾರ ನೋಡೋಣ” ಅಂದೆ. ನಿಮ್ಮತ್ತೆ ಕಾಫಿ ಕೊಟ್ಟಳು. ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದರು.

ಮುಂದಿನ ವಾರ ಅವರು ಬರಲಿಲ್ಲ. ಪ್ರಮೋಷನ್ ಬಂತು.

ನಾನು ಸಹಿ ಹಾಕಿದ್ದರೆ ಟೀಮು ಉಳಿಯುತ್ತಿತ್ತೇ? ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಅದರಿಂದ ಏನೂ ಹಗುರಾಗುವುದಿಲ್ಲ. ನಾಲ್ಕೈದು ವರ್ಷ ಕಳೆದ ಮೇಲೆ ಶಿವಾಜಿನಗರದಲ್ಲಿ ಒಂದು ಆಟೋ ಹತ್ತಿದೆ. ಓಡಿಸುತ್ತಿದ್ದವನು ಆ ನಾಲ್ವರಲ್ಲಿ ಒಬ್ಬ, ನಮ್ಮ ಗೋಲ್‌ಕೀಪರ್. ಕನ್ನಡಿಯಲ್ಲಿ ನೋಡಿದ, ಗುರುತು ಹಿಡಿದ, ಮಾತಾಡಲಿಲ್ಲ. ಇಳಿಯುವಾಗ ಮೀಟರಿನ ದುಡ್ಡು ತೆಗೆದುಕೊಂಡು ಚಿಲ್ಲರೆ ಎಣಿಸಿ ಕೈಗೆ ಕೊಟ್ಟ. ಬೇಡ ಅಂದಿದ್ದರೆ, ಇಲ್ಲ ಬೈದಿದ್ದರೆ ಚೆನ್ನಾಗಿತ್ತು.

ಟೀಮು ನಿಂತ ತಿಂಗಳೇ ನಾನು ಬೂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಸಿಟ್ಟಿನಿಂದ ಅಂತ ಎಲ್ಲರಿಗೂ ಹೇಳಿದೆ. ಸಿಟ್ಟಲ್ಲ ಪುಟ್ಟ, ನಾಚಿಕೆ. ಅಶೋಕನಗರದ ಸ್ಟೇಡಿಯಮ್ಮಿಗೆ ಹೋದರೆ ಆ ನಾಲ್ವರಲ್ಲಿ ಒಬ್ಬ ಸಿಕ್ಕಾನು ಅಂತ ಹತ್ತೊಂಬತ್ತು ವರ್ಷ ಆ ರಸ್ತೆಗೇ ಹೋಗಲಿಲ್ಲ. ಅಷ್ಟರೊಳಗೆ ಎಷ್ಟು ಹುಡುಗರು ಆಡಿ ಹೋದರೋ, ಒಬ್ಬನ ಹೆಸರೂ ನನಗೆ ಗೊತ್ತಿಲ್ಲ. 2013ರಲ್ಲಿ ಅದೇ ಸ್ಟೇಡಿಯಮ್ಮಿನಲ್ಲಿ ನಿನ್ನ ಟೀಮು ಮೋಹನ್ ಬಗಾನ್ ಜೊತೆ ಮೊದಲ ಮ್ಯಾಚು ಆಡಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಊರಿಗೆ ಊರೇ ಮಾತಾಡುವಾಗ ನಾನು ಇನ್ನೂ ಅಟ್ಟದ ಮೇಲೇ ಇದ್ದೆ.

ನನ್ನನ್ನು ಕೆಳಗಿಳಿಸಿದ್ದು ನೀನು. 2015ರ ಮೇ 31, ನೀನು ಒಂಬತ್ತನೇ ಕ್ಲಾಸಿಗೆ ಹೋಗುವ ಮುಂಚಿನ ರಜೆ. ಜೊತೆಗೆ ಬರುವವರು ಯಾರೂ ಇಲ್ಲ ಅಂತ ಅತ್ತುಬಿಟ್ಟೆ, ಅದಕ್ಕೆ ಬಂದೆ. ಕಂಠೀರವದಲ್ಲಿ ಬಗಾನ್ ಜೊತೆ ಐ-ಲೀಗಿನ ಕೊನೆಯ ಮ್ಯಾಚು, ಆ ಮಳೆ! ಗೆದ್ದರೆ ನಮಗೆ ಕಪ್ಪು, ಡ್ರಾ ಆದರೆ ಬಗಾನ್‌ಗೆ. ನಮ್ಮ ಜಾನ್ಸನ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಯಾರೋ ನನ್ನನ್ನು ತಬ್ಬಿಕೊಂಡು ಎತ್ತಿಬಿಟ್ಟ. ಮೂರು ನಿಮಿಷ ಬಾಕಿ ಇದ್ದಾಗ ಅವರ ಬೆಲ್ಲೊ ರಜಾಕ್ ತಲೆಯಲ್ಲಿ ಹೊಡೆದದ್ದು ಒಳಗೆ ಹೋಯಿತು. ಆಮೇಲೆ ಬಸ್ಸಿನಲ್ಲಿ ಆದದ್ದನ್ನು ಬರೆಯುವುದಿಲ್ಲ, ನಿಮ್ಮಪ್ಪ ಇವತ್ತಿಗೂ ಆಡಿಕೊಳ್ಳುತ್ತಾನೆ. ನನಗೆ ನೆನಪಿರುವುದು, ನೀನು ಒದ್ದೆ ಜೆರ್ಸಿಯನ್ನು ಮೈಮೇಲೇ ಒಣಗಿಸಿಕೊಂಡೆ, ಬಿಚ್ಚು ಅಂದರೆ ಬಿಚ್ಚಲಿಲ್ಲ. ಆ ಹುಡುಗ ಈಗ ಜೆರ್ಸಿ ಮಡಿಸಿ ಮೇಲೆ ಹಾಕಿದ್ದಾನೆ ಅಂದರೆ ನನಗೆ ಹೇಗಾಗಬೇಡ.

ಟೀಮು ಉಳಿಯುತ್ತದೆ, ಹೆದರಬೇಡ ಅಂತ ಬರೆಯೋಣ ಅಂದುಕೊಂಡೆ. ಕೈ ಬರಲಿಲ್ಲ. ಆ ಮೊದಲ ನ್ಯಾಷನಲ್ ಲೀಗ್ ಗೆದ್ದದ್ದು ಪಂಜಾಬಿನ ಜೆ.ಸಿ.ಟಿ. ಅಂಥ ಟೀಮನ್ನು 2011ರಲ್ಲಿ ಮುಚ್ಚಿದರು. ಅದಕ್ಕೂ ಹಿಂದಿನ ವರ್ಷ ಮುಂಬೈಯ ಮಹೀಂದ್ರಾ. ಅದೂ ಚಾಂಪಿಯನ್ ಆಗಿದ್ದ ಟೀಮೇ. ಕಪ್ಪು ಗೆದ್ದವರನ್ನು ಮುಚ್ಚುವುದಿಲ್ಲ ಅಂತ ಬರೆದಿದ್ದೀಯಲ್ಲ, ಹಾಗೇನೂ ಇಲ್ಲ. ದುಡ್ಡು ಹಾಕುವವನು ಕಪ್ಪು ಲೆಕ್ಕ ಹಾಕುವುದಿಲ್ಲ. ಹಾಗಂತ ನಿನ್ನ ಟೀಮಿನ ಯಜಮಾನರು ಬಿಟ್ಟು ಹೋಗುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಹನ್ನೆರಡು ವರ್ಷ ನಡೆಸಿದ್ದಾರೆ. 2016ರಲ್ಲಿ ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎ.ಎಫ್.ಸಿ. ಕಪ್ ಫೈನಲ್ ಆಡಿಸಿದ್ದಾರೆ, ಈ ದೇಶದ ಇನ್ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಬಿಡುತ್ತಾರೆಯೇ? ನೋಡು, ಧೈರ್ಯ ಹೇಳಲು ಕೂತವನು ನಾನೇ ಕೇಳುತ್ತಿದ್ದೇನೆ.

ಇನ್ನೊಂದು ಸಮಾಧಾನ ಹುಡುಕಿದೆ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ರೋವರ್ಸ್ ಕಪ್ ಗೆದ್ದಿತ್ತು, ಮರುವರ್ಷ ಮತ್ತೆ. 1948ರ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಗೋಲು ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರು ಅನ್ನಿಸಿಕೊಂಡ ಐದು ಫಾರ್ವರ್ಡ್‌ಗಳಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇಲ್ಲಿಂದ ರೈಲು ಹತ್ತಿ ಹೋದವರು. ಊರಿಗೆ ಟೀಮುಗಳು ಬಂದಿವೆ, ಹೋಗಿವೆ, ಆಟ ನಿಂತಿಲ್ಲ. ಬರೆದು ನೋಡಿದರೆ ನನಗೇ ರುಚಿಸಲಿಲ್ಲ. ಮುತ್ತಜ್ಜನ ಕಾಲದ ಕಪ್ಪು ತೋರಿಸಿ ನಿನಗೆ ಸಮಾಧಾನ ಹೇಳುವುದು, ಹಸಿದವನಿಗೆ ಮದುವೆ ಊಟದ ವರ್ಣನೆ ಮಾಡಿದ ಹಾಗೆ. ಆದರೂ ಒಂದು ಹೇಳಲೇಬೇಕು. ಮೈಸೂರು ರಾಜ್ಯ 1968-69ರಲ್ಲಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಗೆಲ್ಲಲು ನಮಗೆ 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದು. ಅವತ್ತು ನಾವಿಬ್ಬರೂ ಎಲ್ಲಿದ್ದೆವು? ಹಿಂದಿನ ರಾತ್ರಿಯಷ್ಟೇ ಛೆಟ್ರಿ ಹೊಡೆದ ಫ್ರೀ ಕಿಕ್, ಕೇರಳದವರು ಮೈದಾನ ಬಿಟ್ಟು ಹೊರಟದ್ದು, ಅದೇ ಗಲಾಟೆಯಲ್ಲಿ ಮುಳುಗಿದ್ದೆವು. ಆ ಕರ್ನಾಟಕದ ಹುಡುಗರಲ್ಲಿ ಮೂವರ ಹೆಸರು ಹೇಳು ನೋಡೋಣ. ನನಗೂ ಬರುವುದಿಲ್ಲ.

ಈ ಸಂಬಳ ನಿಂತ ಸುದ್ದಿ ಓದುವಾಗ ನೀನು ಛೆಟ್ರಿಯನ್ನು, ಗೋಲ್‌ಕೀಪರ್ ಗುರ್‌ಪ್ರೀತನ್ನು ನೆನೆಸಿಕೊಂಡಿದ್ದೀಯ. ನನಗೆ ನೆನಪಾಗುವುದು ಜೆರ್ಸಿ ಒಗೆಯುವವನು, ಕಾಲು ಉಜ್ಜುವವನು, ಚೀಲ ಹೊರುವವನು. ಅವರ ಪರವಾಗಿ ನೀನು ಏನು ಮಾಡಬಹುದು? ಗೊತ್ತಿಲ್ಲ. ವೆಸ್ಟ್ ಬ್ಲಾಕಿನ ಅಭಿಮಾನಿ ಗೆಳೆಯರು ಸೇರಿ ಏನಾದರೂ ಬರೆಯುತ್ತಾರೆ ಅಂದರೆ ನಿನ್ನ ಸಹಿಯೂ ಇರಲಿ. ಅದರಿಂದ ಆಗುವುದು ಬಿಡುವುದು ಬೇರೆ. ಮುಂದಿನ ವಾರ ನೋಡೋಣ ಅನ್ನಬೇಡ.

ಕ್ಲಬ್ಬಿನ ಅದೇ ಹೇಳಿಕೆಯ ಕೆಳಗೆ ಇನ್ನೊಂದು ಮಾತಿತ್ತು, ನೀನು ಓದಿದೆಯೋ ಇಲ್ಲವೋ. ಕಿರಿಯರ ತಂಡಗಳು, ಹುಡುಗರದ್ದೂ ಹುಡುಗಿಯರದ್ದೂ, ಮಕ್ಕಳ ಫುಟ್‌ಬಾಲ್ ಶಾಲೆಗಳೂ ಎಂದಿನಂತೆ ನಡೆಯುತ್ತವೆ ಅಂತ. ಅದನ್ನು ಹಿಡಿದುಕೊಂಡಿದ್ದೇನೆ. ಬಿಡುವಿದ್ದರೆ ಒಂದು ಸಂಜೆ ಅಶೋಕನಗರಕ್ಕೆ ಹೋಗಿ ಲೋಕಲ್ ಲೀಗಿನ ಮ್ಯಾಚು ನೋಡು. ಕಂಠೀರವದಲ್ಲಿ ನಡುವೆ ಓಟದ ಟ್ರ್ಯಾಕು, ಆಟಗಾರ ಇರುವೆ ಥರ ಕಾಣುತ್ತಾನೆ. ಅಶೋಕನಗರದಲ್ಲಿ ಬೈಗುಳವೂ ಕೇಳಿಸುತ್ತದೆ. ಹತ್ತೊಂಬತ್ತು ವರ್ಷ ಹೋಗದವನು ನಿನಗೆ ಹೋಗು ಅನ್ನುತ್ತಿದ್ದೇನೆ, ನಗು ಬಂದರೆ ನಗು.

ಪುಣೆಯ ಕೆಲಸದ ವಿಷಯವನ್ನು ಇದಕ್ಕೆ ಗಂಟು ಹಾಕಬೇಡ. ಟೀಮು ಇದ್ದರೆ ಬೆಂಗಳೂರು, ಇಲ್ಲದಿದ್ದರೆ ಪುಣೆ ಅನ್ನುವುದು ಯಾವ ಲೆಕ್ಕ? ಪುಣೆಯವರ ಟೀಮು 2019ರಲ್ಲಿ ಹೈದರಾಬಾದಿಗೆ ಹೋಯಿತು, ಅಲ್ಲಿ ಹೋಗಿ ಚಾಂಪಿಯನ್ನೂ ಆಯಿತು. ಪುಣೆಯ ಹುಡುಗರು ಹೊಟ್ಟೆ ಉರಿದುಕೊಂಡಿರಬೇಕು. ಸಂಬಳ, ಬಾಡಿಗೆ, ನಿಮ್ಮಮ್ಮನ ಮಂಡಿನೋವು ನೋಡಿ ತೀರ್ಮಾನ ಮಾಡು. ಹೆಚ್ಚು ಹೇಳುವುದಿಲ್ಲ, ಈ ವಿಷಯದಲ್ಲಿ ನಿಮ್ಮಪ್ಪನಿಗೂ ನನಗೂ ಒಂದು ಸಲ ಆದದ್ದು ಸಾಕು.

ಟೀಮು ಹೋದರೆ? ಹೋಗಬಹುದು. ಬರೆಯುತ್ತಾ ಬರೆಯುತ್ತಾ ಮತ್ತೆ ಅಲ್ಲಿಗೇ ಬಂದೆ.

ನಿನ್ನೆ ಏಣಿ ಹಾಕಿ ಅಟ್ಟ ಹತ್ತಿದೆ, ನಿಮ್ಮತ್ತೆ ಕೆಳಗೆ ನಿಂತು ಬೈಯುತ್ತಿದ್ದಳು. ಕೊಬ್ಬರಿ ಗುಡ್ಡೆಯ ಹಿಂದೆ ಬೂಟು ಸಿಕ್ಕಿತು. ಎಡಗಾಲಿನದನ್ನು ಇಲಿ ಕಡಿದಿದೆ, ನನ್ನ ಒಳ್ಳೆಯ ಕಾಲೇ ಅದು. ಬಲದ್ದು ಚೆನ್ನಾಗಿದೆ. ನಿನ್ನ ಜೆರ್ಸಿಗೆ ನುಸಿಗುಳಿಗೆಯನ್ನಾದರೂ ಹಾಕಿದ್ದೀಯಾ? ಇಲ್ಲದಿದ್ದರೆ ಇವತ್ತೇ ಇಳಿಸು. ಗೌರಿ ಹಬ್ಬಕ್ಕೆ ಬರುವಾಗ ತೊಟ್ಟುಕೊಂಡೇ ಬಾ, ರೈಲಿನಲ್ಲಿ ಯಾರಾದರೂ ಮ್ಯಾಚು ಯಾವಾಗ ಅಂತ ಕೇಳಿದರೆ ಗೊತ್ತಿಲ್ಲ ಅನ್ನು.

ಲೆಫ್ಟ್ ಬ್ಯಾಕಿಗೆ ಯಾರು ಅಂತ ಕೇಳಿದ್ದಕ್ಕೆ ಉತ್ತರ ಉಳಿಯಿತು. ಅದಕ್ಕೆ ಇನ್ನೊಂದು ಕಾಗದವೇ ಬೇಕು, ನೀನು ಬರೆದದ್ದರಲ್ಲಿ ಮುಕ್ಕಾಲು ತಪ್ಪು.

ಇಂತಿ,
ನಿನ್ನ ಮಾವ